ಎಲ್ಸ್‌ವರ್ತ್ ಕೆಲ್ಲಿಯವರ ವರ್ಣಮುದ್ರಣಗಳು: ಒಂದು ವಿವೇಚನೆ

ಬಿಳಿಯ ಹಾಳೆಯ ಮೇಲೆ ಒಂದು ನೀಲಿ ಆಕಾರ, ಜೊತೆಗೆ ಒಂದು ಕಿತ್ತಳೆ ಆಕಾರ, ಮತ್ತೇನೂ ಇಲ್ಲ. ಇದು ಕಲೆಯೇ? ಅಮೆರಿಕದ ಎಲ್ಸ್‌ವರ್ತ್ ಕೆಲ್ಲಿಯವರ ವರ್ಣಮುದ್ರಣಗಳ ಮುಂದೆ ನಿಂತವರಲ್ಲಿ ಈ ಪ್ರಶ್ನೆ ಏಳುವುದು ಸಹಜ.

೧೯೨೩ರಲ್ಲಿ ನ್ಯೂಯಾರ್ಕ್ ಪ್ರಾಂತದ ನ್ಯೂಬರ್ಗ್‌ನಲ್ಲಿ ಜನಿಸಿದ ಕೆಲ್ಲಿಯವರು ಎರಡನೆಯ ಮಹಾಯುದ್ಧದಲ್ಲಿ, ರಬ್ಬರಿನ ಹುಸಿ ಟ್ಯಾಂಕುಗಳಿಂದ ಶತ್ರುವಿನ ಕಣ್ಣಿಗೆ ಮಣ್ಣೆರಚುತ್ತಿದ್ದ ಸೈನ್ಯದಳದಲ್ಲಿ ಸೇವೆ ಸಲ್ಲಿಸಿದರು. ೧೯೪೮ರಿಂದ ೧೯೫೪ರವರೆಗೆ ಫ್ರಾನ್ಸಿನಲ್ಲಿದ್ದರು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯವೊಂದರ ಕಿಟಕಿಯ ಆಕಾರವನ್ನೇ ೧೯೪೯ರಲ್ಲಿ ಕೃತಿಯಾಗಿಸಿದರು. ಆಕಾರವನ್ನು ಕಲ್ಪಿಸದೆ, ಕಂಡದ್ದರಿಂದ ಆಯ್ದುಕೊಳ್ಳುವುದೇ ಅವರು ಹಿಡಿದ ಮಾರ್ಗವಾಯಿತು.

೧೯೬೪-೬೫ರಲ್ಲಿ ಪ್ಯಾರಿಸ್ಸಿನ ಮೇಗ್ ಪ್ರಕಾಶನಕ್ಕಾಗಿ ಅವರು ೨೭ ಬಣ್ಣದ ಕಲ್ಲಚ್ಚುಗಳ ಮಾಲಿಕೆಯನ್ನು ರಚಿಸಿದರು. ಕಲ್ಲಚ್ಚಿನ ವಿಧಾನವನ್ನು ಹಿರಿಯರು ಬಲ್ಲರು: ಜಿಡ್ಡಿನ ಬಳಪದಿಂದ ಬರೆದ ಕಲ್ಲನ್ನು ನೀರಿನಿಂದ ತೋಯಿಸಿದರೆ, ಎಣ್ಣೆಯ ಮಸಿ ಜಿಡ್ಡಿರುವೆಡೆ ಮಾತ್ರ ನಿಲ್ಲುತ್ತದೆ. ಸಾಮಾನ್ಯವಾಗಿ ಬಣ್ಣಕ್ಕೊಂದು ಕಲ್ಲೋ ಲೋಹದ ತಗಡೋ ಬೇಕು. ಹಾಳೆ ಕೂದಲೆಳೆಯಷ್ಟು ಸರಿದರೂ ಅಂಚು ಕೆಡುತ್ತದೆ. ವಿವರಗಳಿಂದ ತುಂಬಿದ ಚಿತ್ರದಲ್ಲಿ ಮರೆಯಾಗುವ ದೋಷಕ್ಕೆ ಇಲ್ಲಿ ಮರೆಯೇ ಇಲ್ಲ. ಆದುದರಿಂದ ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಅವಸರದ ಮಾತು. ಅದೇ ಕಾಲದಲ್ಲಿ ಅವರು ಬರಿಯ ರೇಖೆಗಳಲ್ಲಿ ಮುದ್ರಿಸಿದ ಎಲೆ-ಹಣ್ಣುಗಳನ್ನು ಈ ವರ್ಣಾಕೃತಿಗಳ ಪಕ್ಕದಲ್ಲಿರಿಸಿ ನೋಡಿರಿ. ಎರಡರ ಹಿಂದೆಯೂ ಒಂದೇ ಕಣ್ಣಿನ ಶಿಸ್ತು ಗೋಚರಿಸುತ್ತದೆ.

ಇನ್ನೊಂದು ಅವಸರವೂ ಉಂಟು, ಅದು ನಮ್ಮಂಥವರದು. ಬರಿದಾದ ಹಾಳೆಯನ್ನು ಕಂಡೊಡನೆ ಬಯಲು, ಶೂನ್ಯ ಎಂದು ವ್ಯಾಖ್ಯಾನಿಸಲು ನಾಲಗೆ ತುಡಿಯುತ್ತದೆ. ಇದು ಸಲ್ಲದು. ಕೆಲ್ಲಿಯವರು ತಮ್ಮನ್ನು ನಾಸ್ತಿಕರೆಂದೇ ಹೇಳಿಕೊಂಡವರು. ಅವರ ನೀಲಿ ಯಾವ ತತ್ತ್ವದ ಸಂಕೇತವೂ ಅಲ್ಲ, ಅದು ನೀಲಿಯೇ. ಪರರ ಕೃತಿಗೆ ನಮ್ಮ ಸಿದ್ಧಾಂತದ ಮುದ್ರೆಯೊತ್ತುವುದು ಗೌರವವಲ್ಲ, ಆಕ್ರಮಣ.

ಆಕ್ಷೇಪಣೆಯೊಂದನ್ನು ಮುಚ್ಚಿಡಲಾರೆವು. ಯುದ್ಧವನ್ನು ಕಣ್ಣಾರೆ ಕಂಡವರ ಈ ಮುದ್ರಣಗಳಲ್ಲಿ ಮಾನವನ ನೋವಿಗೆ ಎಡೆಯಿಲ್ಲ. ನೊಂದವನಿಗೆ ಇವು ಸಾಂತ್ವನ ಹೇಳಲಾರವು. ಕಲೆಯಿಂದ ಕರುಣೆಯನ್ನು ಬಯಸುವ ನಮಗೆ ಇದು ಸಣ್ಣ ಕೊರತೆಯಲ್ಲ.

ಆದರೂ ೨೦೧೫ರಲ್ಲಿ ತೀರಿಕೊಂಡ ಈ ಕಲಾವಿದರಿಂದ ನಾವು ಕಲಿಯಬೇಕಾದುದೊಂದಿದೆ: ಅರ್ಥ ಹೇಳುವ ಮೊದಲು ಕಣ್ಣಿಟ್ಟು ನೋಡಬೇಕು. ಪ್ರತಿದಿನ ಅಂಗೈಯಲ್ಲಿ ದೃಷ್ಟಿಯನ್ನು ನಿಲ್ಲಿಸಬೇಕಾದ ನಮಗೆ ನೋಡುವುದೆಷ್ಟು ಕಠಿಣವೆಂಬುದು ತಿಳಿಯದ ಸಂಗತಿಯೇನಲ್ಲ.