‘ಕನ್ನಡ ಮಾತು ತಲೆಯೆತ್ತುವ ಬಗೆ’: ಓದು, ಮರುಓದು

ದಬ್ಬೇಘಟ್ಟದ ಸಾಹಿತ್ಯವಿದ್ಯಾರ್ಥಿಗೆ ಬಿ. ಎಂ. ಶ್ರೀಕಂಠಯ್ಯನವರು ತನ್ನ ತಾಲ್ಲೂಕಿನವರೇ. ಅವರು 1884ರಲ್ಲಿ ಜನಿಸಿದ ಸಂಪಿಗೆಯೂ ತುರುವೇಕೆರೆಗೆ ಸೇರಿದುದು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ ಈ ಭಾಷಣದ ಪ್ರತಿಪಾದನೆ ನೇರವಾದುದು: ಪಂಡಿತರ ಹಳಗನ್ನಡ ಜನರನ್ನು ಮುಟ್ಟದು, ಬರೆವಣಿಗೆ ಹೊಸಗನ್ನಡಕ್ಕೆ ತಿರುಗಬೇಕು, ಇಂಗ್ಲಿಷ್ ಸಾಹಿತ್ಯದಿಂದ ಕಸುವು ಪಡೆಯಬೇಕು. ಮೊದಲ ಓದಿನಲ್ಲಿ ವಿದ್ಯಾರ್ಥಿಗೆ ಹರ್ಷವೋ ಹರ್ಷ. ಕಬ್ಬಿಣದ ಕಡಲೆಯಾಗಿದ್ದ ರನ್ನನನ್ನು ಬದಿಗಿಡಲು ಅಪ್ಪಣೆಯೇ ದೊರೆತಂತೆ.

ವಚನಗಳ ಪರಿಚಯವಾದ ಮೇಲೆ ಅದೇ ಓದುಗನಲ್ಲಿ ಆಕ್ಷೇಪ ಹುಟ್ಟುತ್ತದೆ. ಆಡುಮಾತಿಗೆ ಸಮೀಪವಾದ ಗದ್ಯವನ್ನು ಶಿವಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾಧಿಸಿರಲಿಲ್ಲವೆ? ಮಾದರಿಗಾಗಿ ಕಡಲು ದಾಟಬೇಕಿತ್ತೆ? ಆಕ್ಷೇಪ ನ್ಯಾಯವಾದುದೇ. ಆದರೆ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಹೊರಬಂದುದು 1923ರಲ್ಲಿ ಎಂಬುದನ್ನೂ ಗಣಿಸಬೇಕು.

ಓದುಗನನ್ನು ನಿಜವಾಗಿ ತಡೆದು ನಿಲ್ಲಿಸುವುವು ಭಾಷಣಕಾರರ ಮುಂದಿನ ಕೃತಿಗಳು. ‘ಇಂಗ್ಲಿಷ್ ಗೀತಗಳು’ ಭಾಷಣದ ಹಾದಿಯಲ್ಲಿಯೇ ನಡೆಯುತ್ತದೆ, ದಿಟ. ಆದರೆ ರನ್ನನ ಕಾವ್ಯವನ್ನೇ ರಂಗಕ್ಕಿಳಿಸಿದ ‘ಗದಾಯುದ್ಧ ನಾಟಕಂ’, ಸಾಫೊಕ್ಲೀಸನ ‘ಏಜಾಕ್ಸ್’ ನಾಟಕದಿಂದ ಹೊಮ್ಮಿದ ‘ಅಶ್ವತ್ಥಾಮನ್’ ಎರಡೂ ಹಳಗನ್ನಡದವು. ಇದನ್ನು ಮಾತಿಗೆ ತಪ್ಪಿದುದೆನ್ನುವುದು ಅವಸರದ ತೀರ್ಪು. ದುರಂತದ ಗಾಂಭೀರ್ಯಕ್ಕೆ ಅಂದಿನ ಹೊಸಗನ್ನಡ ಸಾಲದೆಂದು ಅವರಿಗೆ ತೋರಿರಬೇಕು. ಭಾಷಣವನ್ನು ನಂಬಿ ರನ್ನನನ್ನು ಬದಿಗಿಟ್ಟ ವಿದ್ಯಾರ್ಥಿಯಾದರೋ ಭಾಷಣಕಾರರ ನಾಟಕವನ್ನು ಅರಿಯಲೆಂದೇ ಮತ್ತೆ ಗದಾಯುದ್ಧವನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.