ಪೀಟರ್ ಚಾಂಗ್ ಅವರ ಪಾಕ

ವಾಷಿಂಗ್ಟನ್ನಿನ ಚೀನೀ ರಾಯಭಾರ ಕಚೇರಿಯಲ್ಲಿ ಅಡಿಗೆಯ ಹೊಣೆ ಹೊತ್ತಿದ್ದು, 2003ರಲ್ಲಿ ಆ ಆಶ್ರಯವನ್ನು ತ್ಯಜಿಸಿ, ಅನಂತರ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಅಲೆಕ್ಸಾಂಡ್ರಿಯಾಗಳಲ್ಲಿಯೂ ಅಟ್ಲಾಂಟಾದ ನೆರೆಯ ಮರಿಯೆಟ್ಟಾದ ‘ಟೇಸ್ಟಿ ಚೈನಾ’ದಲ್ಲಿಯೂ ಒಲೆಯ ಮುಂದೆ ನಿಂತು, ರಸಿಕರು ಗುರುತು ಹಿಡಿಯುವಷ್ಟರಲ್ಲಿ ಮತ್ತೊಂದು ಊರಿಗೆ ಹೊರಟುಬಿಡುತ್ತಿದ್ದ ಪೀಟರ್ ಚಾಂಗ್ ಅವರ ಹೆಸರು, ಅವರ ಅಡಿಗೆಗಿಂತ ಮೊದಲೇ ಹಲವರ ಕಿವಿಗೆ ಬಿದ್ದಿತ್ತು. 2010ರಲ್ಲಿ ಲೇಖಕ ಕ್ಯಾಲ್ವಿನ್ ಟ್ರಿಲಿನ್ ಈ ಸಂಚಾರವನ್ನೇ ವಸ್ತುವಾಗಿಸಿಕೊಂಡು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು; ಮರುವರ್ಷ ಚಾರ್ಲೊಟ್ಸ್‌ವಿಲ್‌ನಲ್ಲಿ ಚಾಂಗ್ ತಮ್ಮದೇ ಹೆಸರಿನ ಭೋಜನಶಾಲೆಯನ್ನು ತೆರೆದು, ಕ್ರಮೇಣ ಆರ್ಲಿಂಗ್ಟನ್, ರಾಕ್‌ವಿಲ್, ಬೆಥೆಸ್ಡಾಗಳಿಗೂ ಹಬ್ಬಿದರು. ಕಥೆ ರಮ್ಯವಾದುದೇ. ಆದರೆ ಅದರ ಬೆಳಕಿನಲ್ಲಿ ಅಡಿಗೆಯ ನಿಜವಾದ ಗುಣ ಮಸುಕಾಯಿತೆಂದು ನನ್ನ ಭಾವನೆ. ಅವರು ಬಡಿಸುವ, ಚೀನಾದ ಸಿಚುವಾನ್ ಪ್ರಾಂತ್ಯದ ಪಾಕವೆಂದರೆ ಖಾರದ ಪರೀಕ್ಷೆಯೆಂಬ ರೂಢಿಯ ಅಭಿಪ್ರಾಯವೂ ಅದರೊಡನೆ ಬಲಿಯಿತು.

ಅವರ ಹೆಸರಿನೊಡನೆ ಸೇರಿಹೋಗಿರುವ ರಸವಿಲ್ಲದೆ ಕರಿದ ಬದನೆಕಾಯಿಯ ಪದಾರ್ಥವನ್ನು ನೋಡಬಹುದು. ಎಣ್ಣೆಯನ್ನು ಹೀರಿಕೊಂಡು ಮೆತ್ತಗಾಗುವುದು ಬದನೆಯ ಸ್ವಭಾವ. ಆ ಸ್ವಭಾವವನ್ನು ಬಲ್ಲ ಕೈ ಅದನ್ನು ಬೆರಳುದ್ದಕ್ಕೆ ಸೀಳಿ, ತೆಳುವಾಗಿ ಹಿಟ್ಟು ಹಿಡಿಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಕರಿದು, ಬಳಿಕ ಒಣಮೆಣಸಿನಕಾಯಿ, ಸಿಚುವಾನ್ ಮೆಣಸು, ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪುಗಳೊಡನೆ ರಸವಿಲ್ಲದ ಬಾಣಲೆಯಲ್ಲಿ ಹಾರಿಸಿ ತೆಗೆಯುತ್ತದೆ. ಹಲ್ಲು ಊರಿದೊಡನೆ ಹೊರಗಣ ಪದರ ಗರಿಗರಿಯಾಗಿ ಮುರಿದು, ಒಳಗಣ ತಿರುಳು ಬೆಣ್ಣೆಯಂತೆ ಕರಗುತ್ತದೆ. ಮೊದಲು ನಿಂಬೆಯ ಸಿಪ್ಪೆಯನ್ನು ನೆನಪಿಸುವ ಪರಿಮಳ, ಅನಂತರ ತುಟಿಯ ಅಂಚಿನಲ್ಲಿ ಜುಮ್ಮೆನ್ನುವ ಕಂಪನ, ಎಲ್ಲಕ್ಕೂ ಕೊನೆಯಲ್ಲಿ ಖಾರ: ಈ ಕ್ರಮವೇ ಪಾಕದ ಜೀವಾಳ. ಜುಮ್ಮು ನಾಲಗೆಯನ್ನು ಮಂದಗೊಳಿಸಿರುವುದರಿಂದ ಖಾರದ ಉರಿ ಸಹ್ಯವಾಗುತ್ತದೆ.

ಈ ಜುಮ್ಮನ್ನು ಕೊಡುವ ಸಿಚುವಾನ್ ಮೆಣಸು ಕಾಳುಮೆಣಸಿನ ಕುಲದ್ದಲ್ಲ, ನಿಂಬೆಯ ಕುಲದ್ದು. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಳದ ಹತ್ತಿರದ ಬಂಧು. ಉತ್ತರ ಕನ್ನಡದವರಿಗೆ ಈ ಅನುಭವ ತೀರ ಅಪರಿಚಿತವಾಗಿ ತೋರದು. ನಿಂಬೆಜಾತಿಯ ಗಿಡಗಳಿಗೆ ತಗಲುವ ಕ್ಯಾಂಕರ್ ರೋಗದ ಭಯದಿಂದ 1968ರಲ್ಲಿ ಅಮೆರಿಕ ಇದರ ಆಮದನ್ನು ನಿಷೇಧಿಸಿ, ಕಾಯಿಸಿದ ಕಾಳಿಗೆ ಮಾತ್ರ ಅನುಮತಿಯೆಂಬ ನಿಯಮದೊಡನೆ 2005ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿತೆಂಬುದನ್ನು ನೆನೆದರೆ, ಅಟ್ಲಾಂಟಾದ ಸುತ್ತಮುತ್ತಲಿನವರಿಗೆ ಚಾಂಗ್ ಅವರ ತಟ್ಟೆ ಅಷ್ಟೊಂದು ನವೀನವೆನಿಸಿದುದಕ್ಕೆ ಒಂದು ಕಾರಣ ದೊರೆಯುತ್ತದೆ. ಒಣಮೆಣಸಿನಕಾಯಿಯಾದರೋ ಅಮೆರಿಕ ಖಂಡದಲ್ಲಿಯೇ ಹುಟ್ಟಿ, ಸಮುದ್ರ ದಾಟಿ ಬ್ಯಾಡಗಿಯನ್ನೂ ಸಿಚುವಾನನ್ನೂ ಆಳಿ, ಅಡಿಗೆಯವರ ಕೈಹಿಡಿದು ತೌರಿಗೆ ಮರಳಿದ ಪದಾರ್ಥ.

ದೋಷವಿಲ್ಲವೆಂದಲ್ಲ. ಚಾಂಗ್ ಅವರ ಖ್ಯಾತ ಪದಾರ್ಥಗಳಲ್ಲಿ ಕರಿದವೇ ಹೆಚ್ಚು: ಬದನೆ, ಕೊತ್ತಂಬರಿಯ ಮೀನಿನ ಸುರುಳಿ, ಗಾಳಿ ತುಂಬಿ ಉಬ್ಬಿದ ಈರುಳ್ಳಿ ಸೊಪ್ಪಿನ ರೊಟ್ಟಿ. ಇವೆಲ್ಲವೂ ಒಂದೇ ಮೇಜಿನ ಮೇಲೆ ಕೂಡಿದಲ್ಲಿ ಜಿಡ್ಡು ಜಿಹ್ವೆಯನ್ನು ದಣಿಸಿ, ಮೂರನೆಯದರ ಸೂಕ್ಷ್ಮತೆ ಸೋತುಹೋಗುತ್ತದೆ. ತಣ್ಣನೆಯ ಸೌತೆಕಾಯಿಯನ್ನೋ ಬರಿದೆ ಬಾಡಿಸಿದ ಸೊಪ್ಪನ್ನೋ ನಡುವೆ ಇರಿಸಿಕೊಳ್ಳದವನು ಈ ಅಡಿಗೆಗೆ ಅನ್ಯಾಯ ಮಾಡಿದಂತೆಯೇ. ಬೆಂಗಳೂರಿನ ಗೋಬಿ ಮಂಚೂರಿಯನ್ನಿನಿಂದ ಚೀನೀ ಊಟದ ಕಲ್ಪನೆಯನ್ನು ಕಟ್ಟಿಕೊಂಡು ಬಂದ ನಮ್ಮವರು ಇಲ್ಲಿಯೂ ಫ್ರೈಡ್ ರೈಸ್ ತರಿಸುವುದು ಸಾಮಾನ್ಯ. ಅದನ್ನು ನಾನು ಮೆಚ್ಚಲಾರೆ. ಉಪ್ಪು, ಎಣ್ಣೆ, ಖಾರಗಳನ್ನು ಹೊತ್ತ ಪದಾರ್ಥಕ್ಕೆ ಬೇಕಾದುದು ಬಿಳಿಯ ಅನ್ನ. ಹುಳಿ, ಗೊಜ್ಜುಗಳಿಗೆ ಅನ್ನವನ್ನೇ ಆಧಾರವಾಗಿಸಿಕೊಂಡ ಜನಕ್ಕೆ ಇದನ್ನು ಬೋಧಿಸಬೇಕಾಗಿಲ್ಲ.

ಸಸ್ಯಾಹಾರಿಗಳ ಪ್ರಶ್ನೆ ಬೇರೆ. ಸಿಚುವಾನಿನ ಮಾಪೋ ತೋಫುವಿನಲ್ಲಿ ಸಂಪ್ರದಾಯಾನುಸಾರ ಕೊಚ್ಚಿದ ಮಾಂಸವಿರುತ್ತದೆ. ಹುರಿದ ಹುರುಳಿಕಾಯಿಯಲ್ಲಿಯೂ ಹಲವೆಡೆ ಅದು ಸೇರಿರುತ್ತದೆಯಾದುದರಿಂದ, ತರಿಸುವ ಮೊದಲೇ ಸ್ಪಷ್ಟವಾಗಿ ಹೇಳತಕ್ಕದ್ದು. ಮಾಂಸವನ್ನು ಬಿಟ್ಟರೂ ತೋಫು ಕಳೆಗುಂದುವುದಿಲ್ಲ. ದಪ್ಪ ಅವರೆಯಂಥ ಬೀಜವನ್ನೂ ಮೆಣಸಿನಕಾಯಿಯನ್ನೂ ಉಪ್ಪಿನೊಡನೆ ತಿಂಗಳುಗಟ್ಟಲೆ ಹುದುಗಿಸಿದ ಕೆಂಪು ಹಿಟ್ಟೇ ಅದರ ಗಾಂಭೀರ್ಯಕ್ಕೆ ಮೂಲ. ಕೊಚ್ಚಿದ ಮಾಂಸದ ಒರಟುತನ ತೋಫುವಿನ ಮಾರ್ದವವನ್ನು ಎತ್ತಿ ತೋರಿಸುತ್ತಿತ್ತೆಂಬುದು ನಿಜ. ಆ ಒಂದು ಅಂಶವಷ್ಟೇ ಸಸ್ಯಾಹಾರಿಗೆ ನಷ್ಟ.