ಕುಲೆಗಳ ಮದುವೆಯಲ್ಲಿ ನಗುವುದು ಹೇಗೆ

ಮಂಗಳೂರಿನ ಕಾಟಿಪಳ್ಳದಂಥ ಕಡೆ ಹೊಸದಾಗಿ ಬಂದು ನೆಲೆಸಿದವರಿಗೆ ತುಳುನಾಡಿನ ‘ಕುಲೆ ಮದಿಮೆ’ ಮೊದಲಿಗೆ ವಿಚಿತ್ರವಾಗಿಯೇ ಕಾಣುತ್ತದೆ. ಕುಲೆ ಎಂದರೆ ಸತ್ತವರ ಆತ್ಮ; ಎಳವೆಯಲ್ಲಿ ತೀರಿಕೊಂಡ ಮಗನಿಗೋ ಮಗಳಿಗೋ ವರ್ಷಗಳ ಬಳಿಕ ಸತ್ತವರಲ್ಲೇ ಜೋಡಿ ಹುಡುಕಿ ಮಾಡುವ ಮದುವೆ ಇದು. ಇದರ ರಸ ಹಿಡಿಯಬೇಕಾದರೆ ಮೊದಲು ರುಮೇನಿಯಾದ ಸಪಂತ್ಸಾ ಹಳ್ಳಿಯ ಸ್ಮಶಾನವನ್ನು ನೆನೆಯಬೇಕು. ಅಲ್ಲಿ ಸ್ತಾನ್ ಇಯೋನ್ ಪತ್ರಾಶ್ ಎಂಬ ಕುಶಲಕರ್ಮಿ 1935ರಿಂದ, 1977ರಲ್ಲಿ ತಾನೇ ತೀರಿಕೊಳ್ಳುವವರೆಗೆ, ಮರದ ಶಿಲುಬೆಗಳಿಗೆ ನೀಲಿ ಬಳಿದು, ಸತ್ತವರೇ ಮಾತಾಡುವಂತೆ ಚೇಷ್ಟೆಯ ಪದ್ಯ ಕೆತ್ತುತ್ತಿದ್ದ. ಕುಡುಕನ ಕುಡಿತ, ಅತ್ತೆಯ ಬಾಯಿ ಎಲ್ಲವೂ ಅಲ್ಲಿ ನಗೆಯ ಸರಕು. ಆದರೆ ಟ್ಯಾಕ್ಸಿಗೆ ಸಿಕ್ಕಿ ಸತ್ತ ಪುಟ್ಟ ಹುಡುಗಿಯ ಶಿಲುಬೆಯಲ್ಲಿ ಚೇಷ್ಟೆಯಿಲ್ಲ. ಪದ್ಯ ಆ ಟ್ಯಾಕ್ಸಿಗೆ ಶಾಪ ಹಾಕುತ್ತದೆ. ಕಾರಣ ಸರಳ. ನಗಬೇಕಾದರೆ ಒಂದು ಬಾಳು ಬೇಕು, ಅದರ ಹಟ, ಚಟ, ಜಗಳಗಳು ಬೇಕು. ಮಗುವಿಗೆ ಅವು ಇನ್ನೂ ಬಂದಿರುವುದಿಲ್ಲ.

ತುಳುನಾಡು ಮಾಡಿದ್ದು ಇಷ್ಟೇ: ಸತ್ತ ಮಗುವಿಗೆ ಬಾಳದ ವರ್ಷಗಳನ್ನು ಕೊಟ್ಟುಬಿಟ್ಟಿತು. ಕಲ್ಲಿನ ಮೇಲೆ ಬರೆದ ವಯಸ್ಸು ಅಲ್ಲೇ ನಿಲ್ಲುತ್ತದೆ; ಕುಲೆಯ ವಯಸ್ಸು ಏರುತ್ತಲೇ ಇರುತ್ತದೆ. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು, 30 ವರ್ಷದ ಹಿಂದೆ ಹಸುಗೂಸಾಗಿ ಹೋದ ಮಗಳಿಗೆ ವರ ಬೇಕೆಂದು ಜಾತಿ, ಬರಿ (ಗೋತ್ರ) ಸಮೇತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ವರನೂ 30 ವರ್ಷದ ಹಿಂದೆಯೇ ತೀರಿಕೊಂಡಿರಬೇಕಿತ್ತು. 2022ರ ಆಟಿ ತಿಂಗಳಲ್ಲಿ ನಡೆದ ಇಂಥದೇ ಮದುವೆಯೊಂದು ದೇಶವೆಲ್ಲ ಸುದ್ದಿಯಾಯಿತು. ಅದಕ್ಕೂ ಮುಂಚೆ ಬಂದ ಒಂದು ಸಂಬಂಧವನ್ನು, ಹುಡುಗಿ ಹುಡುಗನಿಗಿಂತ ದೊಡ್ಡವಳು ಎಂದು ಗಂಡಿನ ಕಡೆಯವರು ಬಿಟ್ಟಿದ್ದರಂತೆ. ಹೊಸಬರು ಕಿವಿಗೊಡಬೇಕಾದ್ದು ಇಂಥ ತಕರಾರಿಗೆ. ಎಲ್ಲಿ ಸಾಮಾನ್ಯ ಮದುವೆಯ ಚೌಕಾಸಿ ಚೂರೂ ಕಡಿಮೆಯಾಗದೆ ನಡೆಯುತ್ತದೋ ಅಲ್ಲಿ ನಗೆ ಇದೆ, ಪ್ರೀತಿಯೂ ಅಲ್ಲೇ ಇದೆ.

ಇದು ಬರೀ ಪ್ರೇತದ ಭಯ ಎನ್ನುವವರಿದ್ದಾರೆ. ಮನೆಯಲ್ಲಿ ಮದುವೆಗಳು ಕೂಡಿಬರದಿದ್ದಾಗಲೇ ಕುಲೆಯ ನೆನಪಾಗುತ್ತದೆ ಎಂಬುದು ನಿಜ. ಕಷ್ಟದಲ್ಲಿರುವವರ ಮೇಲೆ ಖರ್ಚಿನ ಹೊರೆ ಬೀಳುತ್ತದೆ ಎಂಬ ಆಕ್ಷೇಪವನ್ನೂ ನಾನು ಒಪ್ಪುತ್ತೇನೆ. ಆದರೆ ಭಯಕ್ಕೆ ಒಂದು ಪರಿಹಾರ ಸಾಕು. ಕೈಗೆ ಬಂದ ಸಂಬಂಧವನ್ನು ವಯಸ್ಸಿನ ಲೆಕ್ಕ ಹಾಕಿ ಬಿಡುವಷ್ಟು ಪುರುಸೊತ್ತು ಭಯಕ್ಕಿಲ್ಲ. ಮಗನಿಗೆ ತಕ್ಕವಳೇ ಬರಲಿ ಎನ್ನುವ ತಾಯ್ತಂದೆಗಳಿಗೆ ಮಾತ್ರ ಇದೆ. ಸಾವಿನೆದುರು ನಗುವುದು ಸಲ್ಲದು ಎನ್ನುವವರಿಗೂ ಉತ್ತರ ಇಲ್ಲೇ ಸಿಗುತ್ತದೆ. ಮದುಮಕ್ಕಳಿಗೆಂದು ಇಟ್ಟ ಖಾಲಿ ಕುರ್ಚಿ ನೋಡಿ ನಕ್ಕರೆ ಅದು ಹೊರಗಿನವರ ನಗೆ. ಕುರ್ಚಿಯಲ್ಲಿ ಮದುಮಗಳಿದ್ದಾಳೆ ಎಂದೇ ನಡೆದುಕೊಳ್ಳುವವರ ನಗೆ ಬೇರೆ. ಅದು ಯಾವ ಮದುವೆಮನೆಯಲ್ಲೂ ಕೇಳುವ ನಗೆ.

ಇನ್ನೊಂದು ಮಾತಿದೆ. ಕಾಟಿಪಳ್ಳ ಪಣಂಬೂರಿನ ಬಂದರಿಗಾಗಿ ನೆಲ ಬಿಟ್ಟವರಿಗೆ ಬ್ಲಾಕ್‌ಗಳಾಗಿ ಹಂಚಿ ಕೊಟ್ಟ ಊರು. ನೆಲ ಬಿಡಬೇಕಾದಾಗ ಗೋರಿಗೆ ನೆಟ್ಟ ಕಲ್ಲು ಹಿಂದೆಯೇ ಉಳಿಯುತ್ತದೆ, ಕುಲೆಗಳು ಮನೆಯವರ ಜೊತೆ ಬರುತ್ತವೆ. ಆಟಿಯಲ್ಲಿ ಹೊಸ ಅಂಗಳದಲ್ಲೂ ಅವುಗಳಿಗೆ ಊಟ ಬಡಿಸಬಹುದು. ಕುಲೆ ಮದಿಮೆಗೆ ಮಕ್ಕಳನ್ನೂ ಮದುವೆಯಾಗದವರನ್ನೂ ಸೇರಿಸುವುದಿಲ್ಲ. ಹಾಗಾಗಿ ಕರೆ ಬಂದರೆ ಅದು ಸಲಿಗೆಯ ಗುರುತು. ಹೋದಾಗ ಒಂದು ಗಳಿಗೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ: ಗಂಡಿನ ಕಡೆಯವರು ಧಾರೆ ಸೀರೆ ಕೊಟ್ಟ ಮೇಲೆ ಹುಡುಗಿ ಅದನ್ನು ಉಟ್ಟು ಬರಲೆಂದು ಎಲ್ಲರೂ ಕಾಯುತ್ತಾರೆ.